ಅಕ್ಕನ ಗೌನು ತಂಗಿಗೂ ಒದಗಲಿ
ವಿವಾಹ ಸಂಸ್ಕಾರದ ಬಿಳಿ ಗೌನಿಗಾಗಿ ಸಾಲ ಮಾಡುವ ಹೆತ್ತವರು ಚಾಮರಾಜಪೇಟೆ, ಮಲ್ಲೇಶ್ವರಗಳ ನಮ್ಮ ಕುಟುಂಬಗಳಲ್ಲೂ ಉಂಟು. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಮದುವೆಗೆ ತೊಟ್ಟ ಬಿಳಿ ಸ್ಯಾಟಿನ್ ಗೌನಿನಿಂದ ನಾವು ಕಲಿಯಬೇಕಾದುದಿದೆ. ಹೊಲಿಗೆಯಂತ್ರ ಮನೆಗಳಿಗೆ ಬಾರದಿದ್ದ ಕಾಲವದು. ಅದರ ಪ್ರತಿರೂಪಕ್ಕೂ ಕೈಹೊಲಿಗೆಯೇ ತಕ್ಕುದು. ಮೊದಲು ಅಗ್ಗದ ಹತ್ತಿಬಟ್ಟೆಯಲ್ಲಿ ಹೊಲಿದು ಅಳತೆ ತಿದ್ದಿಕೊಳ್ಳೋಣ. ಆಮೇಲೆ ಚಿಕ್ಕಪೇಟೆಯಿಂದ ತಂದ ರೇಷ್ಮೆಗೆ ಕತ್ತರಿಯಿಡೋಣ. ಬಿಗಿತ ಬೀಳುವಲ್ಲಿ ಸೂಜಿಯನ್ನು ತುಸು ಹಿಂದಕ್ಕೆ ಚುಚ್ಚಿ ಮುಂದೆ ತೆಗೆದರೆ ಹೊಲಿಗೆ ಗಟ್ಟಿ. ಲೇಸನ್ನು ಮಾತ್ರ ಬಿಚ್ಚಲು ಬರುವಂತೆ ಸಡಿಲವಾಗಿ ಕೂಡಿಸೋಣ. ತನ್ನ ಮದುವೆಯ ಲೇಸನ್ನು ರಾಣಿ ಮಕ್ಕಳ ಜ್ಞಾನಸ್ನಾನಗಳಲ್ಲೂ ಧರಿಸಿದಳು. 1897ರ ವಜ್ರಮಹೋತ್ಸವದ ಅಧಿಕೃತ ಭಾವಚಿತ್ರದಲ್ಲೂ ಅದು ಕಾಣುತ್ತದೆ. ಅರಸಿಗೇ ಇಲ್ಲದ ಸಂಕೋಚ ನಮಗೇಕೆ? ಒಳಅಂಚಿನಲ್ಲಿ ಬಟ್ಟೆಯನ್ನು ಧಾರಾಳವಾಗಿ ಬಿಟ್ಟರೆ, ಅಕ್ಕನ ಗೌನು ಬಿಚ್ಚಿ ಹೊಲಿದಾಗ ತಂಗಿಗೂ ಒಪ್ಪುತ್ತದೆ.