ಗಾಳಿಯಲ್ಲಿ ಬರುವ ಗಂಟೆ

ಕುಂದಾಪುರದಲ್ಲಿ ವರ್ಷದ 365 ದಿನಗಳಲ್ಲಿ ಒಂದು ದಿನವಾದರೂ ಗಡಿಯಾರದ ಆರು ಗಂಟೆಗೆ ಮೊದಲು ಸೂರ್ಯ ಮೂಡುವುದಿಲ್ಲ. ಅತಿ ಬೇಗ ಎಂದರೆ ಮೇ ತಿಂಗಳ ಕೊನೆಗೆ 6.03ರ ಸುಮಾರಿಗೆ ಆತನ ದರ್ಶನ. ಜನವರಿಯ ಕೊನೆಯ ವಾರದಲ್ಲಾದರೆ ಏಳಕ್ಕೆ ಒಂದೆರಡು ನಿಮಿಷ ಉಳಿದಿರುವಾಗ. ಅವನು ನಡು ಆಕಾಶಕ್ಕೆ ಬರುವುದೂ ಹನ್ನೆರಡಕ್ಕಲ್ಲ. ಸರಾಸರಿ ಹೇಳುವುದಾದರೆ 12.31ಕ್ಕೆ, ನವೆಂಬರಿನ ಮೊದಲ ವಾರದಲ್ಲಿ 12.15ಕ್ಕೆ, ಫೆಬ್ರವರಿಯ ನಡುವಿನಲ್ಲಿ 12.45ಕ್ಕೆ. ಇದರಲ್ಲಿ ಸೂರ್ಯನ ತಪ್ಪೂ ಇಲ್ಲ, ಗಡಿಯಾರದ ತಪ್ಪೂ ಇಲ್ಲ. ನಮ್ಮ ಗೋಡೆಯ ಮೇಲಿರುವುದು ಕುಂದಾಪುರದ ಸಮಯವೇ ಅಲ್ಲ. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ಅದು. ನಾವು ಅದಕ್ಕಿಂತ ಹೆಚ್ಚು ಕಡಮೆ 7.8 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು; ಆದುದರಿಂದ 31 ನಿಮಿಷಗಳ ಅಂತರ. ಬೈಂದೂರಿಗೂ ಬ್ರಹ್ಮಾವರಕ್ಕೂ ನಡುವೆಯೇ ಸೂರ್ಯನ ಲೆಕ್ಕದಲ್ಲಿ ಸುಮಾರು ಅರ್ಧ ನಿಮಿಷದ ವ್ಯತ್ಯಾಸವುಂಟು.

ಈ ಏಕಸಮಯ ಭಾರತಕ್ಕೆ ಬಂದದ್ದು 1906ರ ಜನವರಿ 1ರಂದು. ಅದಕ್ಕೆ ಮೊದಲು ರೈಲ್ವೆಯವರು ಮದರಾಸಿನ ವೀಕ್ಷಣಾಲಯದ ಸಮಯವನ್ನು ಬಳಸುತ್ತಿದ್ದರು. ಮುಂಬಯಿ ನಗರವಂತೂ ತನ್ನದೇ ಸಮಯವನ್ನು 1955ರವರೆಗೆ ಬಿಟ್ಟುಕೊಡಲಿಲ್ಲ. ಮದರಾಸಿನ ಗಡಿಯಾರಕ್ಕೂ ಮುಂಬಯಿಯ ಗಡಿಯಾರಕ್ಕೂ ಅರ್ಧ ಗಂಟೆಯ ಅಂತರ. ಶಿರೂರಿನ ಈಚೆಗೆ ಮದರಾಸು ಪ್ರಾಂತ, ಆಚೆಗೆ ಮುಂಬಯಿ ಪ್ರಾಂತ ಎಂಬುದನ್ನು ನೆನೆದರೆ, ನಮ್ಮ ಊರುಗಳು ಎಂತಹ ಗಡಿಯ ಮೇಲೆ ಕುಳಿತಿದ್ದವು ಎಂಬುದು ತಿಳಿಯುತ್ತದೆ. ರೈಲನ್ನೇ ಕಾಣದಿದ್ದ ಕುಂದಾಪುರದವರಿಗೆ ಇದರಿಂದ ದೊಡ್ಡ ತೊಂದರೆಯೇನೂ ಆಗಿರಲಾರದು. ಕೊಂಕಣ ರೈಲು ಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು 1998ರಲ್ಲಿ.

ಇಷ್ಟನ್ನೂ ಹೇಳಬೇಕಾಗಿ ಬಂದದ್ದು ನನ್ನ ಸೋದರಳಿಯ ತಂದ ಒಂದು ಸಮಸ್ಯೆಯಿಂದ. ಅವನು ಕೊಲ್ಲಿಯ ದೇಶದಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದವನು. ಬರುವಾಗ ಕಾರಿಗೆ ಹಾಕುವ ಒಂದು ರೇಡಿಯೋ ತಂದಿದ್ದ. ಹಾಡು, ನಕ್ಷೆ, ದೂರವಾಣಿ, ಗಡಿಯಾರ, ಎಲ್ಲವೂ ಅದರಲ್ಲೇ. "ಮಾವ, ಇದರ ಗಡಿಯಾರವನ್ನು ದಿನವೂ ಬೆಳಿಗ್ಗೆ ಸರಿ ಮಾಡುತ್ತೇನೆ, ಬ್ರಹ್ಮಾವರ ದಾಟಿ ಕೋಟ ಮುಟ್ಟುವುದರೊಳಗೆ ಮತ್ತೆ ಒಂದೂವರೆ ಗಂಟೆ ಹಿಂದೆ ಹೋಗಿರುತ್ತದೆ. ಆದರೆ ವಿಚಿತ್ರವೆಂದರೆ, ಆ ತಪ್ಪು ಗಂಟೆಯಲ್ಲಿಯೂ ಸೆಕೆಂಡು ಮಾತ್ರ ಸರಿಯಾಗಿಯೇ ಇರುತ್ತದೆ" ಎಂದ. ಸೆಕೆಂಡಿಗೆ ಸರಿಯಾಗಿ ತಪ್ಪು ಹೇಳುವ ಗಡಿಯಾರ! ಕೆಟ್ಟ ಗಡಿಯಾರ ಹಾಗೆ ನಡೆದುಕೊಳ್ಳುವುದಿಲ್ಲ. ಅದಕ್ಕೆ ಯಾರೋ ಎಲ್ಲಿಂದಲೋ ಸಮಯವನ್ನು ಹೇಳುತ್ತಿದ್ದಾರೆ ಎಂದಾಯಿತು. ಯಾರು?

ಗಾಳಿಯಲ್ಲಿ ಸಮಯವನ್ನು ಕಳಿಸುವ ಪದ್ಧತಿ ಹಳೆಯದು. ಬಿ.ಬಿ.ಸಿ. 1924ರ ಫೆಬ್ರವರಿ 5ರಂದು ಗ್ರೀನಿಚ್ಚಿನ ಆರು ಕಿರುಸದ್ದುಗಳನ್ನು ಬಿತ್ತರಿಸಲು ತೊಡಗಿತು. ಭಾರತದಲ್ಲಿ ನಾವು ಕೇಳಿದ್ದು ಆಕಾಶವಾಣಿಯ ವಾರ್ತೆಗೆ ಮೊದಲು ಬರುತ್ತಿದ್ದ ಪೀಂ ಪೀಂ ಎಂಬ ಸದ್ದು. ಮೈಸೂರಿನಲ್ಲಿ ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ 'ಆಕಾಶವಾಣಿ' ಎಂಬ ಹೆಸರು 1957ರಲ್ಲಿ ದೇಶದ ಹೆಸರಾಯಿತಷ್ಟೆ. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ಅದರ ಮಧ್ಯಮ ತರಂಗದ ಪ್ರಸಾರ ಯಂತ್ರ ನೆಲೆಗೊಂಡದ್ದು ನಮ್ಮ ಬ್ರಹ್ಮಾವರದಲ್ಲಿ. 1089 ಕಿಲೋಹರ್ಟ್ಸ್‌ನಲ್ಲಿ ಆ ಸದ್ದು ಬರುತ್ತಿದ್ದಂತೆ ಎಷ್ಟೋ ಮನೆಗಳಲ್ಲಿ ಗೋಡೆ ಗಡಿಯಾರದ ಮುಳ್ಳು ತಿರುಗಿತು, ಕೈಗಡಿಯಾರದ ಕೀಲಿ ಸರಿಯಿತು. ಆ ಕಾಲದಲ್ಲಿ ಸಮಯ ಹೊಂದಿಸುವ ಯಂತ್ರದ ಅರ್ಧಭಾಗ ಮನುಷ್ಯನ ಕಿವಿ, ಉಳಿದ ಅರ್ಧ ಅವನ ಹೆಬ್ಬೆರಳು.

ಹಳೆಯ ಕೆಲವು ಕಾರುಗಳ ಗಡಿಯಾರದಲ್ಲಿ ಇದಕ್ಕಾಗಿಯೇ ಒಂದು ಗುಂಡಿ ಇರುತ್ತಿತ್ತು. ಅದರ ಮೇಲೆ ಎರಡು ಚುಕ್ಕೆ, ಎರಡು ಸೊನ್ನೆ. ಒತ್ತಿದ ಕ್ಷಣಕ್ಕೆ ನಿಮಿಷ ಸೊನ್ನೆಯಾಗುತ್ತದೆ. 30ಕ್ಕಿಂತ ಕಡಮೆ ನಿಮಿಷವಿದ್ದರೆ ಅದೇ ಗಂಟೆ ಉಳಿಯುತ್ತದೆ, ಹೆಚ್ಚಿದ್ದರೆ ಮುಂದಿನ ಗಂಟೆಗೆ ಹೋಗುತ್ತದೆ. ಕೊನೆಯ ಪೀಂ ಸದ್ದು ಆರಂಭವಾಗುವಾಗ ಅದನ್ನು ಒತ್ತಿದರೆ ಮುಗಿಯಿತು. ಇಷ್ಟು ಸರಳವಾದ, ಇಷ್ಟು ಉಪಯುಕ್ತವಾದ ಗುಂಡಿಯನ್ನು ಹೊಸ ಕಾರುಗಳಲ್ಲಿ ಏಕೆ ತೆಗೆದುಹಾಕಿದರೋ ಕಾಣೆ. ಈಗ ಅದೇ ಕೆಲಸಕ್ಕೆ ಗಾಜಿನ ಪರದೆಯ ಮೇಲೆ ನಾಲ್ಕು ಪುಟ ಮಗುಚಬೇಕು.

ಕಿವಿಯ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಏರ್ಪಾಡು ಎಫ್.ಎಂ. ಪ್ರಸಾರದಲ್ಲಿ ಬಂತು. ಯುರೋಪಿನ ಬಾನುಲಿ ಸಂಸ್ಥೆಗಳ ಒಕ್ಕೂಟ 1984ರಲ್ಲಿ ಅದರ ನಿಯಮಾವಳಿಯನ್ನು ಪ್ರಕಟಿಸಿತು. ಹೆಸರು ಆರ್.ಡಿ.ಎಸ್. ಎಫ್.ಎಂ. ಅಲೆಯ ಮೇಲೆ ಹಾಡು ಮಾತುಗಳು 15 ಕಿಲೋಹರ್ಟ್ಸ್‌ವರೆಗೆ ತುಂಬಿರುತ್ತವೆ. ಎಡ ಬಲ ಕಿವಿಗಳ ಭೇದವನ್ನು ಹೊತ್ತ ಭಾಗ 53ರವರೆಗೆ ಹಬ್ಬಿರುತ್ತದೆ. ಅದರ ಮೇಲೆ, 57 ಕಿಲೋಹರ್ಟ್ಸ್‌ನಲ್ಲಿ, ಕಿವಿಗೆ ಎಂದೂ ಕೇಳಿಸದ ಒಂದು ತೆಳುವಾದ ಅಲೆಯನ್ನು ಸೇರಿಸಿದರು. ಬಂಡಿ ತುಂಬ ಸರಕು ಹೇರಿದ ಮೇಲೆ ಬಂಡಿಯವನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವ ಚೀಟಿಯಂತೆ ಅದು. ಸೆಕೆಂಡಿಗೆ 1187.5 ಬಿಟ್‌ಗಳ ನಿಧಾನಗತಿಯಲ್ಲಿ ಆ ಚೀಟಿ ಬರುತ್ತಿರುತ್ತದೆ: ಕೇಂದ್ರದ ಹೆಸರು, ಕಾರ್ಯಕ್ರಮದ ಬಗೆ, ಅದೇ ಕಾರ್ಯಕ್ರಮ ಸಿಕ್ಕುವ ಬೇರೆ ಕೇಂದ್ರಗಳು. ಪ್ರತಿ ನಿಮಿಷ ಮಗುಚುವ ಹೊತ್ತಿಗೆ, ಒಂದೇ ಒಂದು ಸಲ, ಸಮಯ.

ಆ ಸಮಯವನ್ನು ಬರೆಯುವ ಕ್ರಮ ನನ್ನನ್ನು ಬಹಳವಾಗಿ ಆಕರ್ಷಿಸಿತು. ಅದರಲ್ಲಿ ತಿಂಗಳಿಲ್ಲ, ವರ್ಷವಿಲ್ಲ. 1858ರ ನವೆಂಬರ್ 17ರಿಂದ ಇಂದಿನವರೆಗೆ ಎಷ್ಟು ದಿನಗಳಾದವು ಎಂಬ ಒಂದು ಸಂಖ್ಯೆ ಮಾತ್ರ ಇದೆ. ನಮ್ಮ ಜೋಯಿಸರಿಗೆ ಇದು ಹೊಸತಲ್ಲ. ಇದು ಸಾಕ್ಷಾತ್ ಅಹರ್ಗಣ. ಕಲಿಯುಗದ ಮೊದಲ ದಿನದಿಂದ ದಿನಗಳನ್ನು ಎಣಿಸಿ ಗ್ರಹಗಳ ಲೆಕ್ಕ ಹಾಕಿದ ಸಿದ್ಧಾಂತಿಗಳಂತೆಯೇ ಯುರೋಪಿನ ಯಂತ್ರಶಿಲ್ಪಿಗಳೂ, ತಿಂಗಳು ವರ್ಷಗಳ ಏರುಪೇರನ್ನು ಬಿಟ್ಟು ಬರೀ ದಿನಗಳನ್ನು ಎಣಿಸಿದ್ದಾರೆ. ಆ ಸಂಖ್ಯೆಗೆ 17 ಬಿಟ್‌ಗಳ ಜಾಗವಿದೆ; 2217ನೆಯ ಇಸವಿಯಲ್ಲಿ ಅದು ತುಂಬಿಹೋಗುತ್ತದೆ. ನಾವು ಚಿಂತಿಸಬೇಕಾದ ವಿಷಯವಲ್ಲ.

ದಿನದ ಜೊತೆಗೆ ಗಂಟೆ, ನಿಮಿಷ. ಅವು ಗ್ರೀನಿಚ್ಚಿನ ಲೆಕ್ಕದವು. ಕೊನೆಗೆ, ಈ ಊರಿನ ಸಮಯ ಅದಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಎಂಬ ಅಂಕಿ. ಆ ಅಂಕಿಯ ಅಳತೆ ಅರ್ಧ ಗಂಟೆಯದು. ಭಾರತಕ್ಕೆ 11, ಅಂದರೆ 11 ಅರ್ಧ ಗಂಟೆಗಳು, ಐದೂವರೆ ಗಂಟೆ. ಪಕ್ಕದ ನೇಪಾಳದ ಸಮಯ ಗ್ರೀನಿಚ್ಚಿಗಿಂತ 5 ಗಂಟೆ 45 ನಿಮಿಷ ಮುಂದಿದೆ. ಅದನ್ನು ಈ ಚೀಟಿಯಲ್ಲಿ ಬರೆಯಲು ಸಾಧ್ಯವೇ ಇಲ್ಲ! ನಿಯಮ ಮಾಡಿದವರ ಕಣ್ಣಿಗೆ ಕಾಠ್ಮಂಡು ಬಿದ್ದಿರಲಿಲ್ಲವೆಂದು ತೋರುತ್ತದೆ.

ಚೀಟಿ ಹರಿದುಹೋದರೆ? ಪ್ರತಿ 16 ಬಿಟ್‌ಗಳ ಹಿಂದೆ 10 ಬಿಟ್‌ಗಳ ಒಂದು ಕಾವಲು ಸಂಖ್ಯೆ ಇರುತ್ತದೆ. ಎರಡೂ ತಾಳೆಯಾಗದಿದ್ದರೆ, ಮತ್ತು ತಪ್ಪನ್ನು ತಿದ್ದಿಕೊಳ್ಳಲೂ ಆಗದಿದ್ದರೆ, ರೇಡಿಯೋ ಆ ಚೀಟಿಯನ್ನು ಎಸೆದು ಮುಂದಿನ ನಿಮಿಷಕ್ಕೆ ಕಾಯುತ್ತದೆ. ಎಫ್.ಎಂ. ಅಲೆ ಹೆಚ್ಚಾಗಿ ಕಣ್ಣಿನ ನೋಟದಂತೆ ನೇರಕ್ಕೆ ಹೋಗುವಂಥದು. ಮಂಗಳೂರಿನಿಂದ ಬೈಂದೂರು ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಮರವಂತೆಯ ಬಯಲಿನಲ್ಲಿ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕೆ ಇರುವಲ್ಲಿ, ಕ್ಷೀಣವಾಗಿಯಾದರೂ ಕೇಳುವ ಹಾಡು ಒತ್ತಿನೆಣೆಯ ಗುಡ್ಡದ ಮರೆಗೆ ಬರುವಾಗ ಕೊರೆಯತೊಡಗುತ್ತದೆ. ಮನುಷ್ಯನ ಕಿವಿ ಹರಿದ ಹಾಡನ್ನು ಹೊಲಿದುಕೊಂಡು ಕೇಳಬಲ್ಲದು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಇದಲ್ಲದೆ ಆರ್.ಡಿ.ಎಸ್. ಇರುವ ಕೇಂದ್ರವೆಲ್ಲ ಸಮಯವನ್ನು ಕಳಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ಹೆಸರನ್ನು ಮಾತ್ರ ಕಳಿಸಿ ಸುಮ್ಮನಿರುವ ಕೇಂದ್ರಗಳುಂಟು. ಕಳಿಸಿದರೂ ಅದು ಆ ಕೇಂದ್ರದ ಯಂತ್ರದೊಳಗಿನ ಗಡಿಯಾರ ಎಷ್ಟು ಸರಿಯೋ ಅಷ್ಟೇ ಸರಿ.

ಹೀಗಾಗಿ ಅಳಿಯನ ರೇಡಿಯೋಗೆ ಸಮಯ ಹೇಳುತ್ತಿದ್ದವರು ಎಫ್.ಎಂ.ನವರಲ್ಲ. ಭಾರತದ ಕೇಂದ್ರವಾಗಿದ್ದರೆ 11 ಎಂಬ ಅಂಕಿಯೂ ಜೊತೆಗೆ ಬರುತ್ತಿತ್ತು. ಹೇಳುತ್ತಿದ್ದುದು ಇಪ್ಪತ್ತು ಸಾವಿರ ಕಿಲೋಮೀಟರಿಗೂ ಮೇಲೆ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು. ದಾರಿ ತೋರಿಸುವ ನಕ್ಷೆಗಾಗಿ ರೇಡಿಯೋ ಅವುಗಳಿಗೆ ಕಿವಿಗೊಟ್ಟಿರುತ್ತದೆ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ; ಅದರ ಸೆಕೆಂಡಿನಲ್ಲಿ ದೋಷ ಹುಡುಕುವಂತಿಲ್ಲ. ಆದರೆ ಉಪಗ್ರಹಕ್ಕೆ ಊರಿಲ್ಲ. ಅದು ಜಗತ್ತಿಗೆಲ್ಲ ಒಂದೇ ಸಮಯವನ್ನು ಹೇಳುತ್ತದೆ. ಅದಕ್ಕೆ ಐದೂವರೆ ಕೂಡಿಸಬೇಕೋ ನಾಲ್ಕು ಕೂಡಿಸಬೇಕೋ ಎಂಬುದನ್ನು ರೇಡಿಯೋದ ಒಡೆಯನೇ ಒಮ್ಮೆ ಬರೆದಿಟ್ಟಿರಬೇಕು. ಅಳಿಯನ ರೇಡಿಯೋದಲ್ಲಿ ಬರೆದಿದ್ದುದು ದುಬೈಯ ನಾಲ್ಕು ಗಂಟೆ. ಐದೂವರೆಯಲ್ಲಿ ನಾಲ್ಕು ಕಳೆದರೆ ಉಳಿಯುವುದು ಒಂದೂವರೆ. ಅವನು ಗಂಟೆಯನ್ನು ತಿದ್ದುತ್ತಿದ್ದ, ವಲಯವನ್ನು ತಿದ್ದಿರಲಿಲ್ಲ. ಉಪಗ್ರಹ ಕಣ್ಣಿಗೆ ಬಿದ್ದೊಡನೆ ಯಂತ್ರ ಅವನ ತಿದ್ದುಪಡಿಯನ್ನು ಅಳಿಸಿ ತನ್ನ ಲೆಕ್ಕವನ್ನು ಮತ್ತೆ ಬರೆಯುತ್ತಿತ್ತು. ವಲಯವನ್ನು ಭಾರತಕ್ಕೆ ಬದಲಿಸಿದ ಮೇಲೆ ಕೋಟವೂ ದಾಟಿತು, ಕುಂದಾಪುರವೂ ದಾಟಿತು, ಗಂಟೆ ಕದಲಲಿಲ್ಲ.

ಉಪಗ್ರಹವನ್ನು ಕಣ್ಣು ಮುಚ್ಚಿ ನಂಬಬಹುದೆ ಎಂದರೆ ಅದೂ ಇಲ್ಲ. ಜಿ.ಪಿ.ಎಸ್. ತನ್ನ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ತೊಡಗುತ್ತದೆ, ನಮ್ಮ ಸಂವತ್ಸರಗಳು ಅರವತ್ತಕ್ಕೊಮ್ಮೆ ಮರಳುವ ಹಾಗೆ. ಈಗ ನಡೆಯುತ್ತಿರುವುದು ಎಷ್ಟನೆಯ ಸುತ್ತು ಎಂಬುದನ್ನು ಕಾರಿನ ಯಂತ್ರವೇ ಊಹಿಸಿಕೊಳ್ಳಬೇಕು. 2022ರ ಜನವರಿ 1ರಂದು ಒಂದು ಪ್ರಸಿದ್ಧ ಜಪಾನೀ ಕಂಪನಿಯ ಹಳೆಯ ಕಾರುಗಳ ಗಡಿಯಾರಗಳು ಹಲವು ದೇಶಗಳಲ್ಲಿ ಒಮ್ಮೆಗೇ 2002ಕ್ಕೆ ಹಿಂದಿರುಗಿದವು. ಕೈಯಿಂದ ತಿದ್ದಿದರೂ ಅವು ಒಪ್ಪಲಿಲ್ಲ.

ಯಾರೂ ಸಮಯ ಹೇಳದಿರುವಾಗ ಕಾರಿನ ಗಡಿಯಾರವನ್ನು ನಡೆಸುವುದು ಒಂದು ಸ್ಫಟಿಕದ ಕಿರುಗಡ್ಡಿ. ಸೆಕೆಂಡಿಗೆ 32,768 ಸಲ ಅದು ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಹದಿನೈದು ಸಲ ಅರ್ಧಿಸಿದರೆ ಒಂದು ಸೆಕೆಂಡು. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ನಡೆ ನೆಟ್ಟಗಿರುತ್ತದೆ. ಶಾಖ ಏರಿದರೂ ಇಳಿದರೂ ಮಂದವಾಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಗಂಗೊಳ್ಳಿಯ ಬಂದರದ ಬಳಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಇದ್ದರೆ, ಆ ಗತಿಯಲ್ಲಿ ಗಡಿಯಾರ ದಿನಕ್ಕೆ ಮೂರೂವರೆ ಸೆಕೆಂಡು ಹಿಂದೆ ಬೀಳುವ ಲೆಕ್ಕವಾಗುತ್ತದೆ. ದಿನವಿಡೀ ಹಾಗೆ ಕಾಯುವುದಿಲ್ಲ, ನಿಜ. ಆದರೂ ತಿಂಗಳಿಗೆ ಅರ್ಧ ನಿಮಿಷ, ಒಂದು ನಿಮಿಷ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಒಂದು ನಿಮಿಷ ಎಂದರೆ ಅಸಡ್ಡೆ ಮಾಡುವವರು ನಮ್ಮ ಕರಾವಳಿಯ ಖಾಸಗಿ ಬಸ್ಸುಗಳ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಅಲ್ಲಿ ಪ್ರತಿ ಬಸ್ಸಿಗೂ ಒಂದು 'ಟೈಮಿಂಗ್' ಉಂಟು. ಹಿಂದಿನ ಬಸ್ಸು ಎರಡು ನಿಮಿಷ ತಡವಾಗಿ ಬಿಟ್ಟರೆ ಮುಂದಿನವನ ಜನ ಅದಕ್ಕೆ ಹತ್ತುತ್ತಾರೆ. "ಹ್ವಾಯ್, ನಿಮ್ ಗಡಿಯಾರ ಹಿಂದೆ ಇತ್ತ್ ಮಾರಾಯ್ರೆ!" ಎಂಬ ಕೂಗು ಕೇಳದ ನಿಲ್ದಾಣವಿಲ್ಲ. ಹಿಂದೆ ಇಂಥ ಜಗಳಕ್ಕೆ ರೇಡಿಯೋದ ಸದ್ದು ಪ್ರಮಾಣವಾಗಿತ್ತು. ಈಗ ಎಲ್ಲರ ಕಿಸೆಯಲ್ಲೂ ಮೊಬೈಲು. ಅದರಲ್ಲಿ ಅಂತರಜಾಲದ ಮೂಲಕ ಆಕಾಶವಾಣಿಯನ್ನು ಕೇಳುತ್ತ ಆ ಸದ್ದಿಗೆ ಗಡಿಯಾರ ಹೊಂದಿಸುವವರಿಗೆ ಒಂದು ಎಚ್ಚರಿಕೆ: ಅಂತರಜಾಲದಲ್ಲಿ ಧ್ವನಿ ಹಲವು ಸೆಕೆಂಡುಗಳಷ್ಟು ತಡವಾಗಿ ಬರುತ್ತದೆ. ಮೊಬೈಲಿನ ಪರದೆಯ ಗಂಟೆಯನ್ನು ನಂಬಿ, ಅದರಿಂದ ಹೊರಡುವ ಪೀಂ ಸದ್ದನ್ನು ನಂಬಬೇಡಿ.

ಗಡಿಯಾರ ಸರಿಯಾದ ಮೇಲೆ ಅಳಿಯನ ತಾಯಿ, ಅಂದರೆ ನನ್ನ ಅಕ್ಕ, ಅದನ್ನು ತನ್ನ ಕೆಲಸಕ್ಕೆ ಹಚ್ಚಿದಳು. ಜನವರಿಯ ಕೊನೆಯ ಒಂದು ಸೋಮವಾರ ನಾವು ಕೊಲ್ಲೂರಿಗೆ ಹೊರಡಬೇಕಾಗಿತ್ತು. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು ಎಂದು ಕ್ಯಾಲೆಂಡರು ಹೇಳುತ್ತದೆ. ಕಾರಿನಲ್ಲಿ ಒಂಬತ್ತು ಕಾಣಲಿ ಎಂದು ಆಕೆ ಕಾದಳು. ಹಗಲನ್ನು ಎಂಟು ಪಾಲು ಮಾಡಿ ಎರಡನೆಯ ಪಾಲನ್ನು ಸೋಮವಾರ ರಾಹುವಿಗೆ ಬಿಡುವುದು ಶಾಸ್ತ್ರ. ಕ್ಯಾಲೆಂಡರಿನ ಏಳೂವರೆ ಎಂಬುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ನಮ್ಮೂರಿನಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವುದು 6.59ಕ್ಕೆ, ಮುಳುಗುವುದು 6.27ರ ಹೊತ್ತಿಗೆ. ಒಂದು ಪಾಲಿಗೆ 86 ನಿಮಿಷ. ಆದುದರಿಂದ ಕುಂದಾಪುರದ ರಾಹು ಅಂದು ಬರುವುದೇ 8.25ಕ್ಕೆ, ಹೋಗುವುದು 9.51ಕ್ಕೆ. ಕ್ಯಾಲೆಂಡರು ನೋಡಿ ಒಂಬತ್ತಕ್ಕೆ ಹೊರಟರೆ ಅವನ ನಡುವಿನಲ್ಲೇ ಕಾಲಿಟ್ಟಂತೆ. ರಾಹುವಿನಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಲೆಕ್ಕವನ್ನು ಮುಚ್ಚಿಡುವುದೂ ನ್ಯಾಯವಲ್ಲವೆಂದು ಹೇಳಿದೆ. ಅಕ್ಕ ಕಾರಿನ ಗಡಿಯಾರವನ್ನೊಮ್ಮೆ, ಅಂಗಳದ ಬಿಸಿಲನ್ನೊಮ್ಮೆ ನೋಡಿ, "ಹಾಂಗಾರೆ ಎರಡೂ ಕಳದ್ ಮೇಲೆ ಹೊರಡುವ" ಎಂದಳು. ಅಂದು ನಾವು ಮನೆ ಬಿಟ್ಟದ್ದು 9.55ಕ್ಕೆ.