ಐಹೊಳೆಯ ಕಲ್ಲು, ಮಣ್ಣು, ನೀರು

ಬಂಡೆಯ ಮೇಲೆ ಮನೆ ಕಟ್ಟಿದವನ ಮತ್ತು ಮರಳಿನ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಬಾಲ್ಯದಲ್ಲಿ ಅದನ್ನು ಕಲಿತಾಗ ಬಂಡೆ ಬೇರೆ, ಮರಳು ಬೇರೆ ಎಂದೇ ನಾವು ತಿಳಿದಿದ್ದೆವು. ಆದರೆ ಮರಳೇ ಬಂಡೆಯಾಗಿ ನಿಂತಿರುವ ಸ್ಥಳವೊಂದು ನಮ್ಮ ಸೀಮೆಯಲ್ಲಿಯೇ ಉಂಟು. ಅದು ಮಲಪ್ರಭೆಯ ದಂಡೆಯ ಮೇಲಿರುವ ಐಹೊಳೆ. ಅಲ್ಲಿಗೆ ಹೋದವರು ಗುಡಿಗಳನ್ನು ನೋಡಿ ಬರುತ್ತಾರೆ. ಗುಡಿಗಳನ್ನು ಹೊತ್ತ ನೆಲವನ್ನು ನೋಡುವವರು ವಿರಳ. ಆ ನೆಲದ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂಬದೇ ಈ ಲೇಖನದ ಉದ್ದೇಶವು.

ಭೂಗೋಲದ ಪಾಠದಲ್ಲಿ ಸಿಂಹಳ, ಜಾವಾ, ಮಡಗಾಸ್ಕರ ಮೊದಲಾದ ಉಷ್ಣವಲಯದ ದ್ವೀಪಗಳ ಬೆಟ್ಟ ಹೊಳೆಗಳನ್ನು ನಕಾಶೆಯ ಮೇಲೆ ಗುರುತಿಸಲು ನಾವು ಕಲಿಯುತ್ತೇವೆ. ಐಹೊಳೆಯ ಸುತ್ತ ಸಮುದ್ರವಿಲ್ಲ. ಆದರೂ ಮೇಗುತಿ ಗುಡ್ಡವನ್ನೇರಿ ನಾಲ್ಕೂ ಕಡೆಗೆ ನೋಡಿದರೆ ದ್ವೀಪದ ನೆನಪಾಗದೆ ಇರದು. ಕೆಳಗೆ ಎರಿಯ ಹೊಲಗಳು ಸಮನಾಗಿ ಹಬ್ಬಿವೆ. ಅವುಗಳ ನಡುವೆ ಕೆಂಪು ಕಲ್ಲಿನ ಗುಡ್ಡಗಳು ನಡುಗಡ್ಡೆಗಳಂತೆ ತಲೆಯೆತ್ತಿವೆ. ಒಂದು ಕಾಲಕ್ಕೆ ಈ ಕಲ್ಲಿನ ಹಾಸು ಇಂದಿಗಿಂತ ಬಹು ವಿಶಾಲವಾಗಿತ್ತು. ಮಳೆ, ಬಿಸಿಲು, ಹೊಳೆಗಳು ಅದನ್ನು ಯುಗಯುಗಾಂತರಗಳಲ್ಲಿ ಸವೆಸಿ ಒಯ್ದವು; ಸವೆಯದೆ ನಿಂತ ಭಾಗಗಳೇ ಇಂದಿನ ಗುಡ್ಡಗಳು.

ಹೊಲದಲ್ಲಿ ಬಿದ್ದಿರುವ ಇಂಥ ಕಲ್ಲಿನ ಚೂರೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಸಕ್ಕರೆಯಂಥ ಕಾಳುಗಳು ಕಾಣುವವು. ಅವು ಮರಳಿನ ಕಣಗಳು. ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ಇಲ್ಲಿ ಅಗಲವಾದ ಹೊಳೆಗಳು ಮರಳನ್ನು ತಂದು ಹರವುತ್ತಿದ್ದವೆಂದೂ, ಕೆಲವು ಕಾಲ ಆಳವಿಲ್ಲದ ಕಡಲು ಈ ನೆಲವನ್ನು ಆವರಿಸಿತ್ತೆಂದೂ ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಪದರಿನ ಮೇಲೆ ಪದರು ಬಿದ್ದು, ಭಾರದಿಂದ ಒತ್ತಲ್ಪಟ್ಟು, ಕಣಗಳು ಒಂದಕ್ಕೊಂದು ಬೆಸೆದು ಮರಳುಗಲ್ಲಾಯಿತು. ಇಂದಿಗೂ ಬಂಡೆಯ ಪಕ್ಕದಲ್ಲಿ ಓರೆಯಾದ ಗೆರೆಗಳನ್ನು ಕಾಣಬಹುದು. ಅಂದಿನ ನೀರು ಯಾವ ಕಡೆಗೆ ಹರಿಯಿತೆಂಬದನ್ನು ಅವು ತಿಳಿಸುತ್ತವೆ. ಈ ಸೀಮೆಯ ಪದರುಶಿಲೆಗಳನ್ನು ರಾಬರ್ಟ್ ಬ್ರೂಸ್ ಫೂಟ್ ಎಂಬವರು ಪರಿಶೀಲಿಸಿ 1876ರಲ್ಲಿ ವಿಸ್ತಾರವಾಗಿ ವರ್ಣಿಸಿದರು. ಅವುಗಳಿಗೆ ಕಲಾದಗಿಯ ಹೆಸರು ಸಂದಿತು. ಇವುಗಳಿಗಿಂತಲೂ ಹಳೆಯದು ಇಳಕಲ್ಲಿನ ಕಡೆಯ ಕೆಂಪು ಗ್ರಾನೈಟು. ಅದು ನೆಲದಾಳದಲ್ಲಿ ಕರಗಿದ್ದ ದ್ರವವು ಆರಿ ಗಟ್ಟಿಯಾದ ಕಲ್ಲು. ಹೀಗೆ ಒಂದು ದಿವಸದ ಪ್ರಯಾಣದೊಳಗೆ ಬೆಂಕಿಯಿಂದಾದ ಕಲ್ಲನ್ನೂ ನೀರಿನಿಂದಾದ ಕಲ್ಲನ್ನೂ ನೋಡುವ ಅನುಕೂಲವು ನಮಗುಂಟು.

ಕಲ್ಲಿನ ಗುಣವನ್ನರಿತೇ ಜನರು ಇಲ್ಲಿ ಕಟ್ಟಿದರು. ಮರಳುಗಲ್ಲು ಪದರುಪದರಾಗಿ ಇರುವದರಿಂದ ಚಪ್ಪಡಿಗಳಾಗಿ ಏಳುವದು. ಮೇಲಿಂದ ಕೆಳಕ್ಕೆ ನೇರವಾದ ಬಿರುಕುಗಳಿರುವದರಿಂದ ಚೌಕವಾಗಿ ಒಡೆಯುವದು. ಕಣವು ಸಮನಾಗಿರುವದರಿಂದ ಉಳಿಗೆ ಬಗ್ಗುವದು. ಮೇಗುತಿ ಗುಡ್ಡದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಹೊದಿಸಿದ ಶಿಲಾಸಮಾಧಿಗಳು ಅನೇಕವಾಗಿವೆ. ಅವುಗಳನ್ನು ಮಾಡಿದವರು ಚಾಲುಕ್ಯರಿಗಿಂತ ಎಷ್ಟೋ ಹಿಂದಿನವರು. ಅದೇ ಗುಡ್ಡದ ಮೇಲೆ ಕ್ರಿ. ಶ. 634ರಲ್ಲಿ ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿಯು ಜಿನಾಲಯವನ್ನು ಕಟ್ಟಿಸಿ ಶಾಸನವನ್ನು ಬರೆಯಿಸಿದನು. ಸಮಾಧಿಗೂ ಜಿನಾಲಯಕ್ಕೂ ಒದಗಿದ್ದು ಒಂದೇ ಮರಳುಗಲ್ಲು.

ಈ ಕಲ್ಲು ಕೆಂಪಾಗಿರುವದೇಕೆಂದು ಮಕ್ಕಳು ಕೇಳುವದುಂಟು. ಪರಶುರಾಮನು ರಕ್ತದ ಕೊಡಲಿಯನ್ನು ಹೊಳೆಯಲ್ಲಿ ತೊಳೆದನೆಂದೂ, ಕೆಂಪಾದ ನೀರನ್ನು ಕಂಡ ಹೆಂಗಸೊಬ್ಬಳು "ಅಯ್ಯೋ ಹೊಳೆ!" ಎಂದು ಕೂಗಿದ್ದರಿಂದ ಊರಿಗೆ ಈ ಹೆಸರು ಬಂತೆಂದೂ ಊರವರು ಹೇಳುತ್ತಾರೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ ಎಂದಿದೆ. ಶಾಸ್ತ್ರವು ಹೇಳುವ ಕಾರಣ ಬೇರೆ: ಮರಳಿನ ಕಣಗಳ ಮೇಲೆ ಕಬ್ಬಿಣದ ಅಂಶವು ತೆಳ್ಳಗೆ ಲೇಪಿಸಿಕೊಂಡಿದೆ, ಅದು ತುಕ್ಕು ಹಿಡಿದ ಬಣ್ಣವೇ ಈ ಕೆಂಪು. ಆದರೆ ಕಥೆಯನ್ನು ಕಟ್ಟಿದವರೂ ಕಣ್ಣಿಟ್ಟು ನೋಡಿದವರೇ ಎಂಬದನ್ನು ನಾವು ಮರೆಯಲಾಗದು.

ಗುಡ್ಡದ ಮೇಲಿನ ಮಣ್ಣು ತೆಳುವಾದ ಮಸಾರಿ. ಅಲ್ಲಿ ಕಳ್ಳಿ, ತಂಗಡಿ, ಸೀತಾಫಲ, ಕುರುಚಲು ಜಾಲಿ ಇವೇ ಬೆಳೆಯುವವು. ಮಳೆಯ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಗುಡ್ಡದ ಬುಡದಲ್ಲಿ ಬುಗ್ಗೆಯಾಗಿ ಹೊರಡುವದು. ಬಾದಾಮಿಯ ಹತ್ತಿರದ ಮಹಾಕೂಟದ ಹೊಂಡವು ಇಂಥ ಬುಗ್ಗೆಯಿಂದಲೇ ತುಂಬಿದೆ. ಕೆಳಗಿನ ಎರಿಯ ಸ್ವಭಾವವು ಇದಕ್ಕೆ ವಿರುದ್ಧವಾದದ್ದು. ಅದು ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವದು. ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಂಡು ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವದು. ಈ ತೇವದ ಬಲದಿಂದಲೇ ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಚಳಿಗಾಲದಲ್ಲಿ ಮಳೆಯಿಲ್ಲದೆ ಬೆಳೆಯುವವು. ಆದರೆ ಒಮ್ಮೆ ತಣಿದ ಎರಿಯು ಮತ್ತೆ ನೀರನ್ನು ಕುಡಿಯದು. ಮೇಲೆ ಬಿದ್ದದ್ದೆಲ್ಲವೂ ಹಳ್ಳಕ್ಕೆ ಓಡುವದು. ಈ ಮಾತನ್ನು ನೆನಪಿನಲ್ಲಿಡಬೇಕು.

ಇನ್ನು ಹೊಳೆಯ ವಿಚಾರ. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಪಟ್ಟದಕಲ್ಲು ಐಹೊಳೆಗಳ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಇದರ ಉದ್ದ ಸುಮಾರು 300 ಕಿಲೋಮೀಟರು. ಹುಟ್ಟುವ ಸ್ಥಳವು ಸಹ್ಯಾದ್ರಿಯ ದಟ್ಟ ಮಳೆಯ ಕಾಡು. ನಮ್ಮ ಸೀಮೆಯಾದರೋ ಆ ಬೆಟ್ಟಗಳ ಮಳೆಯ ಮರೆಯಲ್ಲಿರುವ ಬಯಲು. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿಯಲ್ಲಿ 600 ಮಿಲಿಮೀಟರನ್ನು ಮುಟ್ಟುವದು ಕಷ್ಟ. ಅದರಲ್ಲಿ ದೊಡ್ಡದೊಂದು ಪಾಲು ಸಪ್ಟೆಂಬರ ಅಕ್ಟೋಬರಗಳಲ್ಲಿ ಬರುವದು. ಆದ್ದರಿಂದ ಈ ಹೊಳೆಗೆ ನೆರೆಯು ಎರಡು ದಾರಿಗಳಿಂದ ಬರುವದು. 2009ರ ಸಪ್ಟೆಂಬರ ಕೊನೆಯಲ್ಲಿಯೂ ಅಕ್ಟೋಬರ ಆರಂಭದಲ್ಲಿಯೂ ನಮ್ಮ ಬಯಲಿನ ಮೇಲೆಯೇ ಕಂಡರಿಯದ ಮಳೆ ಸುರಿಯಿತು. ತಣಿದ ಎರಿಯು ಅದನ್ನು ಹಳ್ಳಗಳಿಗೆ, ಹಳ್ಳಗಳು ಹೊಳೆಗೆ ಒಪ್ಪಿಸಿದವು. 2019ರ ಆಗಸ್ಟಿನಲ್ಲಿ ಮಳೆ ಸುರಿದದ್ದು ದೂರದ ಘಟ್ಟದಲ್ಲಿ; ತುಂಬಿದ ಜಲಾಶಯದಿಂದ ನೀರು ಬಿಡಬೇಕಾಗಿ ಬಂದು ಪಟ್ಟದಕಲ್ಲಿನ ಗುಡಿಗಳ ಅಂಗಳವು ಜಲಮಯವಾಯಿತು. ಆ ದಿವಸಗಳಲ್ಲಿ ಹೊಳೆಸಾಲಿನ ಹಳ್ಳಿಗಳು ನಿಜವಾಗಿಯೇ ನಡುಗಡ್ಡೆಗಳಾದವು. ಮಣ್ಣಿನ ಗೋಡೆಯ ಮನೆಗಳು ಕುಸಿದವು. ತೊಟ್ಟಿಲನ್ನೂ ಕಾಳಿನ ಚೀಲವನ್ನೂ ಹೊತ್ತು ಎತ್ತರದ ನೆಲವನ್ನು ಹುಡುಕುವ ಕಷ್ಟವು ಹೆಚ್ಚಾಗಿ ತಾಯಂದಿರ ಪಾಲಿಗೆ ಬಂತು. ಮೇಗುತಿಯ ಜಿನಾಲಯವನ್ನು ಮಾತ್ರ ಯಾವ ನೆರೆಯೂ ಮುಟ್ಟುವಂತಿರಲಿಲ್ಲ.

ಹಾಗಾದರೆ ಎಲ್ಲರೂ ಗುಡ್ಡವನ್ನೇರಿ ಮನೆ ಕಟ್ಟಬೇಕೇ? ಅದು ಹೇಳಿದಷ್ಟು ಸುಲಭವಲ್ಲ. 2009ರ ನಂತರ ಆಸರೆ ಎಂಬ ಯೋಜನೆಯಲ್ಲಿ ಎತ್ತರದ ಸ್ಥಳಗಳಲ್ಲಿ ಹೊಸ ಮನೆಗಳು ಎದ್ದರೂ ಹೊಲ, ದನ, ನೀರು, ನೆರೆಹೊರೆ ದೂರವಾದವೆಂದು ಹಳೆಯ ಊರನ್ನು ಬಿಡದವರು ಉಂಟು. ಅವರನ್ನು ಬುದ್ಧಿಹೀನರೆಂದು ಕರೆಯಲು ನಮಗೆ ಮನಸ್ಸು ಬಾರದು. ಹೊಳೆಯೇ ಅವರ ಅನ್ನ. ಆದರೆ ಹೊಳೆಯ ಪಾತ್ರವನ್ನು ಒತ್ತಿ ಬಿತ್ತುವದೂ, ದಂಡೆಯ ಮರಳನ್ನು ತೆಗೆದು ಮಾರುವದೂ ಹೊಳೆಯ ದಾರಿಯನ್ನು ಕೆಡಿಸುವ ಕೆಲಸಗಳು. ಅವುಗಳ ಫಲವನ್ನು ಕೆಳಗಿನ ಊರವರು ಉಣ್ಣುತ್ತಾರೆ.

ನಮ್ಮ ಶಾಲೆಯಿಂದ ಹೋದವರಲ್ಲಿ ಅನೇಕರು ಇಂದು ಈ ಹೊಳೆಸಾಲಿನ ಊರುಗಳಲ್ಲಿ ತಾಯಂದಿರಾಗಿ, ಶಿಕ್ಷಕಿಯರಾಗಿ, ದಾದಿಯರಾಗಿ ಇದ್ದಾರೆ. ಅವರಲ್ಲಿಯೂ ಪಾಲಕರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಮಕ್ಕಳನ್ನು ಐಹೊಳೆಗೆ ಕರೆದೊಯ್ದಾಗ ಗುಡಿಯ ಶಿಲ್ಪದ ಜೊತೆಗೆ ಕಲ್ಲಿನ ಪದರನ್ನೂ ತೋರಿಸಿರಿ. ನಿಮ್ಮ ಊರಿನಲ್ಲಿ ನೆರೆಯ ನೀರು ಎಲ್ಲಿಯ ವರೆಗೆ ಏರಿತ್ತೆಂದು ಮುದುಕಿಯರನ್ನು ಕೇಳಿ, ಆ ಗುರುತನ್ನು ಮಕ್ಕಳಿಗೆ ಕಾಣಿಸಿರಿ. ಹೊಸ ಮನೆಗೆ ಜಾಗವನ್ನು ನೋಡುವಾಗ ಆ ಗುರುತನ್ನು ಮರೆಯದಿರಿ. ಮರಳು ಬಂಡೆಯಾಗಲು ಕೋಟಿಗಟ್ಟಲೆ ವರ್ಷಗಳು ಬೇಕಾದವು. ಮನೆ ನಿಲ್ಲುವ ನೆಲ ಯಾವದೆಂದು ತಿಳಿದುಕೊಳ್ಳಲು ಒಂದು ಸಂಜೆಯ ವಿಚಾರಣೆ ಸಾಕು.