‘ಲಿಸ್ಟಲ್ಲಿ ಹೆಸರಿಲ್ಲ’ ಅಂದರೆ ಎಕ್ಸೆಲ್ ಶೀಟನ್ನೊಮ್ಮೆ ತೆರೆದು ನೋಡಿ

“ನನ್ ಹೆಸ್ರು ಲಿಸ್ಟಲ್ಲಿ ಇಲ್ವಂತೆ ಕಣಪ್ಪ. ಹೋದ್ ಸಲ ಇತ್ತು, ಈ ಸಲ ಎಲ್ಲೋಯ್ತು?” ಶಿವಗಂಗೆಯಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಮಹಿಳಾ ಸಂಘದ ಸದಸ್ಯರ ಪಟ್ಟಿಯನ್ನು ಕಚೇರಿಯೊಂದರಲ್ಲಿ ಇನ್ನೊಂದು ಪಟ್ಟಿಯ ಜೊತೆ ತಾಳೆ ಹಾಕಿದ್ದರು. ತಾಳೆಯಾಗದ ನಾಲ್ವರನ್ನು ಕೈಬಿಟ್ಟಿದ್ದರು. ದೊಡ್ಡಮ್ಮನ ನಿಜ ಹೆಸರು ಇಲ್ಲಿ ಬೇಡ. ಬೆಟ್ಟದ ಮೇಲಿನ ಹೊನ್ನಾದೇವಿಯ ಹೆಸರು ನಮ್ಮ ಕಡೆ ಮನೆಗೊಬ್ಬರಿಗೆ ಇರುತ್ತೆ, ಹಾಗಾಗಿ ಹೊನ್ನಮ್ಮ ಅಂತಲೇ ಇಟ್ಟುಕೊಳ್ಳೋಣ.

ಎರಡೂ ಫೈಲುಗಳನ್ನು ತರಿಸಿಕೊಂಡು ನೋಡಿದೆ. ಎರಡರಲ್ಲೂ ‘ಹೊನ್ನಮ್ಮ’ ಇದ್ದಾರೆ. ಕಣ್ಣಿಗೆ ಒಂದು ಚುಕ್ಕೆಯೂ ವ್ಯತ್ಯಾಸ ಕಾಣಲ್ಲ. ಆದರೆ ವಿಲುಕಪ್ ಫಾರ್ಮುಲಾ ‘ಸಿಗಲಿಲ್ಲ’ ಅಂತಿತ್ತು. ಒಳಕಲ್ಲು ತೀರ್ಥದಲ್ಲಿ ಕೈ ಹಾಕಿದವರಿಗೆಲ್ಲ ನೀರು ಸಿಗಲ್ಲ, ಅದು ನಂಬಿಕೆಯ ಮಾತು. ಸರ್ಕಾರಿ ಸವಲತ್ತಿನ ಪಟ್ಟಿ ಹಾಗಿರಬಾರದಲ್ಲ!

ಇಂಥ ಕಡೆ ಮೊದಲು ಕೇಳಬೇಕಾದ್ದು ‘ಲೆನ್’ ಫಾರ್ಮುಲಾವನ್ನು. ಒಂದು ಕೋಶದೊಳಗೆ ಎಷ್ಟು ಸಂಕೇತಗಳಿವೆ ಅಂತ ಅದು ಎಣಿಸುತ್ತೆ. ಒಂದು ಹೊನ್ನಮ್ಮನಿಗೆ 8 ಬಂತು, ಇನ್ನೊಬ್ಬರಿಗೆ 9.

ಕಾರಣ ‘ಹೊ’. ಶಾಲೆಯಲ್ಲಿ ಇದನ್ನು ಹ ಒತ್ವ ಹೊ ಅಂತ ಕಲಿತಿದ್ದೇವೆ. ಯೂನಿಕೋಡ್‌ನಲ್ಲಿ ಆ ಒತ್ವಕ್ಕೆ ಒಂದು ಸಂಖ್ಯೆಯಿದೆ, 3274. ಅದೇ ಒತ್ವವನ್ನು ಎತ್ವ (3270) ಮತ್ತು ಕೊಂಬಿನ ದೀರ್ಘ (3266) ಎಂಬ ಎರಡು ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಹಿಂದೆ ಟೈಪ್ ಮಾಡಿದ್ದ ಹಳೇ ಕಡತವನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಅಥವಾ ಪಿಡಿಎಫ್‌ನಿಂದ ಕಾಪಿ ಮಾಡುವಾಗ ಹೀಗೆ ತುಂಡುಗಳು ಉಳಿದುಬಿಡಬಹುದು. ಗುಮಾಸ್ತರು ಬೇಕಂತ ಮಾಡಿದ್ದಲ್ಲ, ಅವರ ಕಣ್ಣಿಗೂ ಕಾಣುವಂಥದ್ದಲ್ಲ.

ಸರಿಪಡಿಸೋದು ಒಂದು ಸಾಲಿನ ಕೆಲಸ (ಫಾರ್ಮುಲಾದ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು):

=ಸಬ್‌ಸ್ಟಿಟ್ಯೂಟ್(ಎ2, ಯೂನಿಚಾರ್(3270)&ಯೂನಿಚಾರ್(3266), ಯೂನಿಚಾರ್(3274))

ಅಂದರೆ, ಎ2 ಕೋಶದಲ್ಲಿ ಆ ಎರಡು ತುಂಡು ಒಟ್ಟಿಗೆ ಸಿಕ್ಕಲ್ಲೆಲ್ಲ ತೆಗೆದು ಇಡೀ ಒತ್ವವನ್ನು ಹಾಕು. ದೀರ್ಘಕ್ಕೂ ಇದೇ ಕಾಯಿಲೆ ಇದೆ. ದೀರ್ಘದ ತುಂಡಿನ ಸಂಖ್ಯೆ 3285. ಅದು 3274ರ ಹಿಂದೆ ಬಂದರೆ 3275, 3270ರ ಹಿಂದೆ ಬಂದರೆ 3271, 3263ರ ಹಿಂದೆ ಬಂದರೆ 3264 ಮಾಡಬೇಕು. ಒತ್ವವನ್ನು ಮೊದಲು ಸರಿಮಾಡಿಕೊಂಡು ಆಮೇಲೆ ದೀರ್ಘಕ್ಕೆ ಹೋಗಿ, ಇಲ್ಲವಾದರೆ ಓತ್ವ ಸಿಗಲ್ಲ.

ಉಳಿದ ಕಸ ಸುಲಭದ್ದು. ಹೆಸರಿನ ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ‘ಟ್ರಿಮ್’ ತೆಗೆಯುತ್ತೆ, ಕಾಣದ ಕಂಟ್ರೋಲ್ ಅಕ್ಷರಗಳನ್ನು ‘ಕ್ಲೀನ್’ ತೆಗೆಯುತ್ತೆ. ವೆಬ್‌ಪುಟದಿಂದ ಕಾಪಿ ಮಾಡಿದಾಗ ಬರುವ ಇನ್ನೊಂದು ಬಗೆಯ ಖಾಲಿ ಜಾಗವಿದೆ, ಸಂಖ್ಯೆ 160. ಟ್ರಿಮ್ ಅದನ್ನು ಮುಟ್ಟಲ್ಲ. ಮೊದಲು ಸಬ್‌ಸ್ಟಿಟ್ಯೂಟ್‌ನಿಂದ ಮಾಮೂಲಿ ಖಾಲಿ ಜಾಗ ಮಾಡಿಕೊಂಡು ಆಮೇಲೆ ಟ್ರಿಮ್ ಹೊಡೀಬೇಕು.

ಊರಿನ ಹೆಸರು ಇನ್ನೊಂದು ಕಥೆ. ನಮ್ಮ ಪಕ್ಕದ ದಾಬಸ್‌ಪೇಟೆಯನ್ನೇ ತಗೊಳ್ಳಿ. ‘ಸ’ ಕೆಳಗೆ ‘ಪ’ ಒತ್ತಾಗಿ ಬೀಳದಿರಲಿ ಅಂತ ನಡುವೆ ಕಾಣದ ಸಂಕೇತವೊಂದನ್ನು (8204) ಹಾಕುತ್ತೇವೆ. ಕೆಲವರು ಹಾಕಲ್ಲ, ಅವರದು ‘ದಾಬಸ್ಪೇಟೆ’ ಆಗುತ್ತೆ. ಕೆಲವರು ಜಾಗ ಬಿಟ್ಟು ‘ದಾಬಸ್ ಪೇಟೆ’ ಅಂತಾರೆ. ಊರು ಒಂದು, ಕಂಪ್ಯೂಟರಿಗೆ ಮೂರು. ಇವನ್ನೆಲ್ಲ ತೆಗೆದು ಹೋಲಿಸಿ, ಆದರೆ ಮೂಲ ಕಾಲಂ ಮೇಲೆ ಕೈಯಾಡಿಸಬೇಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಅಲ್ಲಿ ತೆಗೆಯಿರಿ. ಮುದ್ರಣಕ್ಕೆ ಹೋಗುವ ಹೆಸರು ಜನ ಬರೆದ ಹಾಗೇ ಇರಲಿ.

ಕಂದಾಯದ ಪಟ್ಟಿಗಳಲ್ಲಿ ಗಂಡಸರ ಮುಂದೆ ‘ಬಿನ್’, ಹೆಂಗಸರ ಮುಂದೆ ‘ಕೋಂ’ ಇರುತ್ತೆ, ಅಂದರೆ ಇಂಥವರ ಮಗ, ಇಂಥವರ ಹೆಂಡತಿ. ‘ಗಂಗಯ್ಯ ಬಿನ್ ಹನುಮಯ್ಯ’ ಅನ್ನೋದರಿಂದ ಗಂಗಯ್ಯನನ್ನಷ್ಟೇ ಬಿಡಿಸಿಕೊಳ್ಳೋಕೆ =ಲೆಫ್ಟ್(ಎ2, ಫೈಂಡ್(" ಬಿನ್ ", ಎ2)-1) ಸಾಕು. ಬಿನ್‌ನ ಆಚೀಚೆ ಖಾಲಿ ಜಾಗ ಕೊಡೋದು ಮರೀಬೇಡಿ, ರಾಬಿನ್ ಅನ್ನೋ ಹುಡುಗ ಬರೀ ‘ರಾ’ ಆಗಿಬಿಡ್ತಾನೆ. ‘ಕೋಂ’ನಲ್ಲೂ ಓತ್ವ ಇರೋದರಿಂದ ತುಂಡು ಜೋಡಿಸುವ ಕೆಲಸ ಇದಕ್ಕಿಂತ ಮೊದಲು ಮುಗಿದಿರಬೇಕು.

ಇಷ್ಟಾದ ಮೇಲೆ ಒಂದು ಅಪಾಯ ಶುರುವಾಗುತ್ತೆ, ನನ್ನ ಚಿಂತೆ ಅದೇ. ಎಲ್ಲ ಹೊನ್ನಮ್ಮಂದಿರೂ ಈಗ ಕಂಪ್ಯೂಟರಿಗೆ ಒಂದೇ. ಮೆನುವಿನಲ್ಲಿ ‘ರಿಮೂವ್ ಡುಪ್ಲಿಕೇಟ್ಸ್’ ಅಂತ ಒಂದು ಗುಂಡಿ ಕಾಯ್ತಾ ಇರುತ್ತೆ. ಗಂಗಾಧರೇಶ್ವರ, ಹೊನ್ನಾದೇವಿ ಇರುವ ಬೆಟ್ಟದ ಬುಡದಲ್ಲಿ ಗಂಗಮ್ಮ, ಗಂಗಯ್ಯ, ಗಂಗಾಧರ, ಹೊನ್ನಮ್ಮ ಅಂತ ಹೆಸರಿಡದ ಬೀದಿ ಸಿಗಲ್ಲ. ಹೆಸರಿನ ಕಾಲಂ ಒಂದನ್ನೇ ಆರಿಸಿ ಆ ಗುಂಡಿ ಒತ್ತಿದರೆ ಮೊದಲ ಹೊನ್ನಮ್ಮ ಉಳೀತಾರೆ, ಮಿಕ್ಕವರೆಲ್ಲ ಅಳಿಸಿಹೋಗ್ತಾರೆ. ಗಂಡನ ಅಥವಾ ತಂದೆಯ ಹೆಸರು, ಊರು, ಮನೆ ನಂಬರ್ ಸೇರಿಸಿ ‘ಕೌಂಟಿಫ್ಸ್’ನಿಂದ ಎಣಿಸಿ. ಒಂದಕ್ಕಿಂತ ಹೆಚ್ಚು ಬಂದವರನ್ನು ಫಿಲ್ಟರ್ ಹಾಕಿ ಬೇರೆ ಇಟ್ಟುಕೊಳ್ಳಿ. ಅಳಿಸಬೇಡಿ, ಹೋಗಿ ಕೇಳಿ.

ಇದು ಸಂಘದ ಪಟ್ಟಿಗಷ್ಟೇ ಸೇರಿದ ವಿಷಯವಲ್ಲ. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಹದೇವಪುರ ವಿಧಾನಸಭಾ ಕ್ಷೇತ್ರದಲ್ಲಿ 1,00,250 ಮತಗಳ ಕಳವಾಗಿದೆ ಎಂದು ಆರೋಪಿಸಿದಾಗ ಒಂದೇ ಹೆಸರು ಎರಡೆರಡು ಕಡೆ ಇರುವುದೂ ಅದರಲ್ಲಿತ್ತು. ಚುನಾವಣಾ ಆಯೋಗ ಆರೋಪವನ್ನು ತಳ್ಳಿಹಾಕಿತು. ಯಂತ್ರ ಓದಲಾಗದ ಕಾಗದದ ಪಟ್ಟಿಗಳನ್ನು ತಿಂಗಳುಗಟ್ಟಲೆ ಕೂತು ಹೋಲಿಸಬೇಕಾಯಿತು ಎಂಬುದು ಕಾಂಗ್ರೆಸ್ಸಿನ ದೂರು. ಹುಡುಕಲು ಬರುವ ಪಠ್ಯರೂಪದಲ್ಲಿ ಪಟ್ಟಿ ಕೊಡಿಸಿ ಎಂಬ ಕಮಲ್ ನಾಥ್ ಅವರ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿರಲಿಲ್ಲ. ಖಾಸಗಿತನದ ಆತಂಕ ನನಗೂ ಅರ್ಥವಾಗುತ್ತೆ. ಆದರೆ ಯಾವ ಕಾಲಂ ಹೋಲಿಸಿ ಯಾರನ್ನು ಕೈಬಿಟ್ಟಿರಿ ಅನ್ನೋದನ್ನಾದರೂ ಪಟ್ಟಿ ಮಾಡಿದವರು ಜನರಿಗೆ ಹೇಳಬೇಕು. ಅದು ಗೊತ್ತಾಗದೆ ‘ನೀವು ಲಿಸ್ಟಲ್ಲಿ ಇಲ್ಲ’ ಅನಿಸಿಕೊಂಡವರು ಏನಂತ ತಕರಾರು ಮಾಡ್ತಾರೆ?

ದೊಡ್ಡಮ್ಮನ ವಿಷಯಕ್ಕೆ ಬಂದರೆ, ಎರಡು ಶೀಟುಗಳನ್ನೂ ಅಕ್ಕಪಕ್ಕ ಇಟ್ಟು ಆ 8, 9 ತೋರಿಸಿದ ಮೇಲೆ ಕಚೇರಿಯವರು ಸೇರಿಸಿಕೊಂಡರು. ಜೊತೆಗೆ ಬಿದ್ದುಹೋಗಿದ್ದ ಮೂವರಲ್ಲಿ ಇಬ್ಬರದೂ ಖಾಲಿ ಜಾಗದ, ಒತ್ವದ ತೊಂದರೆಯೇ. ಇನ್ನೊಬ್ಬರ ಆಧಾರ್‌ನಲ್ಲಿ ಗಂಡನ ಹೆಸರಿನ ಬದಲು ಮೈದುನನ ಹೆಸರು ಬಿದ್ದಿದೆ. ಅದಕ್ಕೆ ಯಾವ ಫಾರ್ಮುಲಾನೂ ಇಲ್ಲ. ಅವರು ಇನ್ನೂ ನೆಲಮಂಗಲಕ್ಕೆ ಅಲೀತಾ ಇದ್ದಾರೆ.